ಗುರು ಸಿಕ್ಕ ಮೇಲೂ ಕ್ಲಾಸಿಗೆ ಹೋದವರು

1901ನೇ ಇಸವಿ. ಜಮಖಂಡಿ ಆಗ ಪಟವರ್ಧನ ಮನೆತನದ ಪುಟ್ಟ ಸಂಸ್ಥಾನ. ಅಲ್ಲಿನ ಹೈಸ್ಕೂಲಿನಲ್ಲಿ ಓದುತ್ತಿದ್ದ ಹದಿನೈದರ ಹರೆಯದ ರಾಮಚಂದ್ರ ದತ್ತಾತ್ರೇಯ ರಾನಡೆಗೆ ಉಮದಿಯ ಭಾವುಸಾಹೇಬ ಮಹಾರಾಜರಿಂದ ನಾಮದೀಕ್ಷೆ ಸಿಕ್ಕಿತು. ಉಮದಿ ಇಂದು ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿದೆ. ಮನೆಮಾತು ಕನ್ನಡವಾಗಿರುವ ಸೀಮೆ ಅದು. ಭಾವುಸಾಹೇಬರದು ನಿಂಬರಗಿ ಮಹಾರಾಜರ ಪರಂಪರೆ. ಬಟ್ಟೆಗೆ ಬಣ್ಣ ಹಾಕುವ ಕುಲಕಸುಬಿನಲ್ಲಿ ಹುಟ್ಟಿ, ಕನ್ನಡದಲ್ಲೇ ಉಪದೇಶ ಮಾಡಿದ ಸಂತ ನಿಂಬರಗಿಯವರು. ಅಂದರೆ ಹುಡುಗನಿಗೆ ಬದುಕಿಗೆ ಬೇಕಾದದ್ದೆಲ್ಲ ಅಲ್ಲೇ ಸಿಕ್ಕಿಬಿಟ್ಟಿತ್ತು ಎನ್ನಬೇಕು. ಗುರು ಸಿಕ್ಕಿದ್ದರು, ನಾಮ ಸಿಕ್ಕಿತ್ತು, ಕೂತು ಮಾಡಬೇಕಾದ ಸಾಧನೆಯೂ ಗೊತ್ತಾಗಿತ್ತು.

ಆದರೂ ಅವರು ಪುಣೆಯ ಡೆಕ್ಕನ್ ಕಾಲೇಜಿಗೆ ಹೋದರು. ನಡುವೆ ಕಾಯಿಲೆ ಬಿದ್ದರು, ಓದು ನಿಂತಿತು, ಮತ್ತೆ ಹಿಡಿದರು. 1914ರಲ್ಲಿ ತತ್ತ್ವಶಾಸ್ತ್ರದಲ್ಲಿ ಎಂ.ಎ. ಮುಗಿಸಿದರು. ಹೆರಾಕ್ಲಿಟಸ್ ಬಗ್ಗೆ ಬರೆದರು, ಅರಿಸ್ಟಾಟಲ್ ಬಗ್ಗೆ ಬರೆದರು. ನಾಮಸ್ಮರಣೆ ಒಂದು ದಿನವೂ ಬಿಡದ ಮನುಷ್ಯ, ಎರಡು ಸಾವಿರದ ಐನೂರು ವರ್ಷಗಳ ಹಿಂದಿನ ಗ್ರೀಕರು ಏನನ್ನು ಯಾಕೆ ಒಪ್ಪಲಿಲ್ಲ ಎಂದು ತಲೆ ಕೆಡಿಸಿಕೊಂಡು ಕೂತರು. ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಓದುವುದರಿಂದ ಏನು ಬಂತು ಎಂದು ಕೇಳುವವರು ಮೊದಲು ಯೋಚಿಸಬೇಕಾದದ್ದು ಇದನ್ನು: ಗುರು ಸಿಕ್ಕವನಿಗೆ ಕ್ಲಾಸು ಯಾಕೆ ಬೇಕಾಯಿತು?

ಆ ಪ್ರಶ್ನೆಗೆ ಸಾಂಗಲಿ, ಮಿರಜ, ಕುಪವಾಡಗಳಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. 1998ರಿಂದ ಈ ಮೂರೂ ಸೇರಿ ಒಂದೇ ಮಹಾನಗರಪಾಲಿಕೆ. ಸಾಂಗಲಿ ಎಂದರೆ ಅರಿಶಿನದ ಪೇಟೆ. ಮಿರಜ ಎಂದರೆ ದವಾಖಾನೆ ಮತ್ತು ಸಿತಾರು. ಕುಪವಾಡ ಎಂದರೆ ಎಂಐಡಿಸಿ ಕೈಗಾರಿಕಾ ಪ್ರದೇಶ, ಫೌಂಡ್ರಿ, ಕೋಲ್ಡ್ ಸ್ಟೋರೇಜ್, ಮೂರು ಪಾಳಿಯ ದುಡಿಮೆ. ಸಾಂಗಲಿ ಮತ್ತು ಮಿರಜದ ನಡುವಿನ ವಿಶ್ರಾಮಬಾಗದಲ್ಲಿ, ಕುಪವಾಡದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, 1919ರಲ್ಲಿ ಶುರುವಾದ ವಿಲಿಂಗ್ಡನ್ ಕಾಲೇಜು ಇದೆ. ಮುಂಬೈ ಗವರ್ನರ್ ಆಗಿದ್ದ ಲಾರ್ಡ್ ವಿಲಿಂಗ್ಡನ್ ಹೆಸರಿನ ಈ ಕಾಲೇಜನ್ನು ಕಟ್ಟಿದ್ದು ಪುಣೆಯ ಡೆಕ್ಕನ್ ಎಜುಕೇಶನ್ ಸೊಸೈಟಿ. ಅದೇ ಸೊಸೈಟಿಯ ಫರ್ಗ್ಯೂಸನ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ರಾನಡೆ ಸ್ವಲ್ಪ ಕಾಲ ಸಾಂಗಲಿಯ ಈ ಕಾಲೇಜಿನಲ್ಲೂ ಅಧ್ಯಾಪಕರಾಗಿದ್ದರು. ಮುಂದೆ 1927ರಲ್ಲಿ ಅಲಹಾಬಾದ್ ವಿಶ್ವವಿದ್ಯಾಲಯ ಅವರನ್ನು ತತ್ತ್ವಶಾಸ್ತ್ರ ವಿಭಾಗದ ಮುಖ್ಯಸ್ಥರನ್ನಾಗಿ ಕರೆಸಿಕೊಂಡಿತು. ಅದಕ್ಕೆ ಒಂದು ವರ್ಷ ಮುಂಚೆ, 1926ರಲ್ಲಿ, ಉಪನಿಷತ್ತುಗಳ ತತ್ತ್ವವನ್ನು ಕುರಿತ ಅವರ ದೊಡ್ಡ ಇಂಗ್ಲಿಷ್ ಗ್ರಂಥ ಹೊರಬಂದಿತ್ತು.

ವಿಲಿಂಗ್ಡನ್ ಕಾಲೇಜು ಕನ್ನಡಿಗರಿಗೆ ಹೊರಗಿನದಾಗಿ ಎಂದೂ ಇರಲಿಲ್ಲ. ರಂ.ಶ್ರೀ. ಮುಗಳಿ ಅವರು ಇಲ್ಲಿ ಕನ್ನಡ ಪ್ರಾಧ್ಯಾಪಕರಾಗಿ ವರ್ಷಗಟ್ಟಲೆ ದುಡಿದರು. 1953ರಲ್ಲಿ ಬಂದು ಮುಂದೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಕನ್ನಡ ಸಾಹಿತ್ಯ ಚರಿತ್ರೆ’ಯ ಲೇಖಕರು ಅವರೇ. ವಿ.ಕೃ. ಗೋಕಾಕರು ಪ್ರಿನ್ಸಿಪಾಲರಾಗಿದ್ದರು. ಮರಾಠಿ ಊರಿನ ನಡುವೆ, ಇಂಗ್ಲಿಷ್ ಹೆಸರಿನ ಕಟ್ಟಡದಲ್ಲಿ, ಕನ್ನಡದ ಮನಸ್ಸುಗಳು ಕೂತು ಯೋಚಿಸಿದ ಕಾಲ ಅದು.

ರಾನಡೆಯವರ ಓದು ಅವರ ಭಕ್ತಿಯನ್ನು ಅಳಿಸಲಿಲ್ಲ. ಅಳಿಸೀತು ಎಂದು ಹೆದರುವ ತಂದೆತಾಯಿ ಇಂದಿಗೂ ಇದ್ದಾರೆ; ಅವರಿಗೆ ಇದು ತಿಳಿದಿರಲಿ. ಓದು ಮಾಡಿದ್ದು ಬೇರೆ ಕೆಲಸ. 1933ರಲ್ಲಿ ಪ್ರಕಟವಾದ ಮಹಾರಾಷ್ಟ್ರದ ಸಂತರ ಅನುಭಾವದ ಮೇಲಿನ ಗ್ರಂಥದಲ್ಲಿ ಅವರು ಎತ್ತಿಕೊಂಡ ಪ್ರಶ್ನೆ ಒಬ್ಬ ತತ್ತ್ವಶಾಸ್ತ್ರದ ವಿದ್ಯಾರ್ಥಿಯೇ ಕೇಳಬಲ್ಲಂಥದು. ಯಾರೋ ಒಬ್ಬ ದೇವರನ್ನು ಕಂಡೆ ಎನ್ನುತ್ತಾನೆ. ಅದು ನಿಜವೋ ಭ್ರಮೆಯೋ ಎಂದು ತಿಳಿಯಲು ಒರೆಗಲ್ಲು ಯಾವುದು? ಬೇರೆ ಬೇರೆ ದೇಶ ಕಾಲದ ಅನುಭಾವಿಗಳು ಹೇಳಿದ್ದಕ್ಕೂ ಅದಕ್ಕೂ ತಾಳೆಯಾಗುತ್ತದೆಯೇ, ಬುದ್ಧಿಗೆ ಒಪ್ಪುತ್ತದೆಯೇ, ಕಂಡವನ ನಡತೆ ಮೇಲಕ್ಕೇರಿತೇ ಕೆಳಗಿಳಿಯಿತೇ ಎಂದು ಅವರು ಪರೀಕ್ಷೆಗಳನ್ನು ಇಡುತ್ತಾರೆ. ನಂಬಿದವನೇ ತನ್ನ ನಂಬಿಕೆಗೆ ಪರೀಕ್ಷೆ ಇಟ್ಟುಕೊಳ್ಳುವುದು ಸಣ್ಣ ಮಾತಲ್ಲ. ಮಠ ಕೊಡುವ ದಾರಿಗೂ ಕಾಲೇಜು ಕಲಿಸುವ ಪರೀಕ್ಷೆಗೂ ನಡುವೆ ಜಗಳವೇ ಇರಬೇಕಾಗಿಲ್ಲ ಎನ್ನುವುದಕ್ಕೆ ಅವರ ಬದುಕೇ ಸಾಕ್ಷಿ. 1946ರಲ್ಲಿ ನಿವೃತ್ತರಾದ ಮೇಲೆ ಅವರು ವಿಜಯಪುರ ಜಿಲ್ಲೆಯ ನಿಂಬಾಳದ ಆಶ್ರಮಕ್ಕೆ ಬಂದು ನೆಲೆಸಿದರು. 1957ರ ಜೂನ್ 6ರಂದು ಅಲ್ಲೇ ತೀರಿಕೊಂಡರು. ಕನ್ನಡದ ಸಂತಸಾಹಿತ್ಯದ ಮೇಲಿನ ಅವರ ಇಂಗ್ಲಿಷ್ ಗ್ರಂಥ ಅವರು ಹೋದ ಮೇಲೆ, 1960ರಲ್ಲಿ ಅಚ್ಚಾಯಿತು.

ಇದೇ ಸೀಮೆಯಲ್ಲಿ ಇನ್ನೊಬ್ಬರಿದ್ದರು. ವಿಜಯಪುರ ಜಿಲ್ಲೆಯ ಬಿಜ್ಜರಗಿಯ ಹುಡುಗ, ಹದಿಹರೆಯದಲ್ಲೇ ಮಲ್ಲಿಕಾರ್ಜುನ ಸ್ವಾಮಿಗಳ ಶಿಷ್ಯನಾದವನು. ಮುಂದೆ ನಾಡೆಲ್ಲ ಸಿದ್ಧೇಶ್ವರ ಸ್ವಾಮೀಜಿ ಎಂದು ಕೈಮುಗಿದ ಜ್ಞಾನಯೋಗಾಶ್ರಮದ ಯತಿ. ಅವರ ಪ್ರವಚನಕ್ಕೆ ಬೆಳಗಿನ ಜಾವ ಸಾವಿರಗಟ್ಟಲೆ ಜನ ಸೇರುತ್ತಿದ್ದುದನ್ನು ಕಂಡವರು ಗಡಿಯ ಎರಡೂ ಬದಿಯಲ್ಲಿದ್ದಾರೆ. ಅವರು ಕನ್ನಡದಲ್ಲೂ ಹೇಳಿದರು, ಮರಾಠಿಯಲ್ಲೂ ಹೇಳಿದರು. 2018ರಲ್ಲಿ ಪದ್ಮಶ್ರೀಯನ್ನು ವಿನಯದಿಂದ ಬೇಡವೆಂದರು. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ ವಿಜಯಪುರಕ್ಕೆ ಜನಸಾಗರವೇ ಹರಿಯಿತು. ಇಷ್ಟೆಲ್ಲ ತಿಳಿದವರಿಗೂ ಒಂದು ಸಂಗತಿ ಅಷ್ಟಾಗಿ ನೆನಪಿರುವುದಿಲ್ಲ: ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪದವಿ ಪಡೆದ ಬಳಿಕ ಅವರು ತತ್ತ್ವಶಾಸ್ತ್ರದ ಎಂ.ಎ. ಮಾಡಿದ್ದು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ. ಆಶ್ರಮದಲ್ಲಿ ಗುರು ಇದ್ದರು, ಗ್ರಂಥಗಳಿದ್ದವು, ಕಲಿಸುವವರಿಗೆ ಕೊರತೆ ಇರಲಿಲ್ಲ. ಆದರೂ ಕೊಲ್ಹಾಪುರಕ್ಕೆ ಹೋಗಿ, ಎಲ್ಲರಂತೆ ಪ್ರಶ್ನೆಪತ್ರಿಕೆ ಬಿಡಿಸಿದರು. ಅವರ ಮಾತಿನಲ್ಲಿ ಉಪನಿಷತ್ತಿನ ಪಕ್ಕದಲ್ಲೇ ಸಾಕ್ರಟಿಸ್ ಸಲೀಸಾಗಿ ಬಂದು ಕೂರುತ್ತಿದ್ದುದಕ್ಕೆ ಆ ಓದಿನ ಪಾಲೂ ಇದ್ದೀತು.

ಮೂರನೆಯವರು ಮಠದವರಲ್ಲ. ಕಾದಂಬರಿಕಾರ ಎಸ್.ಎಲ್. ಭೈರಪ್ಪ ಚಿಕ್ಕಂದಿನಲ್ಲೇ ಪ್ಲೇಗಿಗೆ ಒಡಹುಟ್ಟಿದವರನ್ನು ಕಳೆದುಕೊಂಡರು, ತಾಯಿಯನ್ನೂ ಕಳೆದುಕೊಂಡರು. ಊರು ಬಿಟ್ಟು ಅಲೆದರು. ಮುಂಬೈಯಲ್ಲಿ ರೈಲ್ವೆ ಕೂಲಿಯಾಗಿ ಹೊರೆ ಹೊತ್ತರು. ಸಾಧುಗಳ ಜೊತೆ ತಿರುಗಿದರು. ಸಾವು ಅಂದರೆ ಏನು ಎಂಬ ಪ್ರಶ್ನೆ ಮಾತ್ರ ಬಿಡಲಿಲ್ಲ. ಅದಕ್ಕೆ ಉತ್ತರ ಹುಡುಕುತ್ತ ಅವರು ಬಂದು ಸೇರಿದ್ದು ಮೈಸೂರಿನ ತತ್ತ್ವಶಾಸ್ತ್ರದ ತರಗತಿಗೆ. ಎಂ.ಎ.ಯಲ್ಲಿ ಚಿನ್ನದ ಪದಕ ಪಡೆದರು, ಹುಬ್ಬಳ್ಳಿಯ ಕಾಡಸಿದ್ಧೇಶ್ವರ ಕಾಲೇಜಿನಲ್ಲಿ ಪಾಠ ಹೇಳಿದರು, ಬರೋಡಾದಲ್ಲಿ ಸತ್ಯ ಮತ್ತು ಸೌಂದರ್ಯದ ಸಂಬಂಧದ ಮೇಲೆ ಡಾಕ್ಟರೇಟ್ ಮಾಡಿದರು. 2025ರ ಸೆಪ್ಟೆಂಬರಿನಲ್ಲಿ ತೀರಿಕೊಳ್ಳುವವರೆಗೂ ಅವರ ಕಾದಂಬರಿಗಳನ್ನು ಒಪ್ಪಿದವರಷ್ಟೇ ಒಪ್ಪದವರೂ ಓದಿದರು. ‘ವಂಶವೃಕ್ಷ’ದ ಶ್ರೀನಿವಾಸ ಶ್ರೋತ್ರಿಯವರು ಒಂದು ನಿಲುವು ತಾಳಿದರೆ, ಅದಕ್ಕೆದುರಾದ ನಿಲುವಿಗೂ ಕಾತ್ಯಾಯಿನಿಯ ಮೂಲಕ ಪೂರ್ಣ ದನಿ ಸಿಗುತ್ತದೆ. ಆ ಅಭ್ಯಾಸ ತರಗತಿಯದು.

ಇಲ್ಲಿಗೆ ಪ್ರವಚನಕ್ಕೂ ಪಾಠಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಈ ಗಡಿಸೀಮೆಯಲ್ಲಿ ತತ್ತ್ವದ ಮಾತಿಗೆ ಬರ ಎಂದೂ ಬಂದಿಲ್ಲ. ಶ್ರಾವಣದಲ್ಲಿ ಪುರಾಣ, ಊರಿಗೊಂದು ಸಪ್ತಾಹ, ಏಕಾದಶಿಗೆ ಭಜನೆ, ಪಂಢರಪುರಕ್ಕೆ ದಿಂಡಿ. ಓದು ಬಾರದ ಅಜ್ಜಿಯೂ ದೇಹ ಬೇರೆ ಆತ್ಮ ಬೇರೆ ಎಂದು ಹೇಳಬಲ್ಲಳು. ಆದರೆ ಪ್ರವಚನದಲ್ಲಿ ಯಾರೂ ಕೈಯೆತ್ತಿ, “ಬುದ್ಧಿ, ನೀವು ಈಗ ಹೇಳಿದ್ದು ನಿನ್ನೆ ಹೇಳಿದ್ದಕ್ಕ ಕೂಡೂದಿಲ್ರಿ” ಎನ್ನುವುದಿಲ್ಲ. ಎನ್ನಬಾರದು ಕೂಡ, ಅದು ಆ ಸಭೆಯ ಮರ್ಯಾದೆ. ತರಗತಿಯ ಮರ್ಯಾದೆ ಇದಕ್ಕೆ ತಿರುಗುಮುರುಗು. ಅಲ್ಲಿ ಕೈಯೆತ್ತದವನೇ ಕಡಿಮೆ ವಿದ್ಯಾರ್ಥಿ.

ನಮ್ಮ ಶಾಸ್ತ್ರಕಾರರು ಇದನ್ನು ಬಲ್ಲವರಾಗಿದ್ದರು. ಯಾವ ದರ್ಶನದ ಗ್ರಂಥ ತೆರೆದರೂ ಮೊದಲು ಪೂರ್ವಪಕ್ಷ ಬರುತ್ತದೆ, ಎದುರಾಳಿಯ ವಾದ. ಅದನ್ನು ಅವನೇ ಬಂದು ಕೇಳಿದರೂ ಹೌದು, ನಾನು ಹೇಳುವುದು ಇದನ್ನೇ ಎನ್ನುವಷ್ಟು ನಿಷ್ಠೆಯಿಂದ ಇಡಬೇಕು, ಆಮೇಲೆ ಖಂಡನೆ. ಭೌತವಾದಿಗಳಾದ ಚಾರ್ವಾಕರ ಗ್ರಂಥಗಳು ಹೆಚ್ಚುಕಡಿಮೆ ಕಳೆದೇ ಹೋಗಿವೆ. ಅವರು ಏನೆನ್ನುತ್ತಿದ್ದರು ಎಂದು ನಮಗಿಂದು ಗೊತ್ತಿರುವುದು ಬಹುಪಾಲು ಅವರನ್ನು ಖಂಡಿಸಿದವರು ಬರೆದಿಟ್ಟದ್ದರಿಂದ. ಟೀವಿ ಚರ್ಚೆಯಲ್ಲಿ ಎದುರಿನವನ ಮಾತು ಮುಗಿಯಲು ಬಿಡದ ಕಾಲದಲ್ಲಿ, ಹತ್ತೊಂಬತ್ತರ ಹುಡುಗಿಯೊಬ್ಬಳಿಗೆ ಮೂರು ವರ್ಷ ಕಾಲ, ನಿನಗೆ ಒಪ್ಪಿಗೆಯಿಲ್ಲದ ವಾದವನ್ನು ಅದರ ಅತಿ ಗಟ್ಟಿ ರೂಪದಲ್ಲಿ ಬರೆ, ಅದಕ್ಕೆ ಅಂಕ ಕೊಡುತ್ತೇವೆ ಎಂದು ಹೇಳುವ ವಿಷಯ ಬೇರೊಂದಿದ್ದರೆ ತೋರಿಸಲಿ.

ಕಾಲೇಜಿಲ್ಲದೆ ಇದು ಸಾಧ್ಯವಿಲ್ಲವೇ? ಸಾಧ್ಯ. ಡಿ.ವಿ. ಗುಂಡಪ್ಪನವರ ಬಳಿ ಯಾವ ಪದವಿಯೂ ಇರಲಿಲ್ಲ; ‘ಜೀವನಧರ್ಮಯೋಗ’ ಬರೆದು ಅಕಾಡೆಮಿ ಪ್ರಶಸ್ತಿ ಪಡೆದರು, ‘ಮಂಕುತಿಮ್ಮನ ಕಗ್ಗ’ವನ್ನು ಕನ್ನಡದ ಮನೆಮನೆಗೆ ಕೊಟ್ಟರು. ಆದರೆ ಡಿವಿಜಿಯಂಥ ಹಟದ ಓದು ಎಷ್ಟು ಜನಕ್ಕೆ ಒಲಿಯುತ್ತದೆ? ಒಬ್ಬರೇ ಓದುವವರು ಹೆಚ್ಚಾಗಿ ತಮಗೆ ಹಿಡಿಸಿದ್ದನ್ನೇ ಓದುತ್ತಾರೆ. ಸಿಲೆಬಸ್ ಎಂಬ ಒರಟು ವ್ಯವಸ್ಥೆಯ ಉಪಕಾರ ಏನೆಂದರೆ, ಶಂಕರರನ್ನು ಮೆಚ್ಚಿದವನಿಗೆ ನಾಗಾರ್ಜುನನನ್ನೂ, ಬಸವಣ್ಣನನ್ನು ಮೆಚ್ಚಿದವನಿಗೆ ಕಾಂಟನನ್ನೂ ಓದಿಸದೆ ಬಿಡುವುದಿಲ್ಲ.

ತರಗತಿಯೊಳಗೆ ಏನು ನಡೆಯುತ್ತದೆ ಎಂದು ಒಂದು ಪಾಠವನ್ನೇ ಹತ್ತಿರದಿಂದ ನೋಡಬಹುದು. ಅನ್ನಂಭಟ್ಟನ ‘ತರ್ಕಸಂಗ್ರಹ’ 17ನೇ ಶತಮಾನದ ಕಿರುಪುಸ್ತಕ, ಭಾರತೀಯ ತರ್ಕದ ಬಾಲಪಾಠ. ಅದರ ಹೆಸರಾಂತ ಉದಾಹರಣೆ ಬೆಟ್ಟದ ಮೇಲಿನ ಬೆಂಕಿ. ಬೆಟ್ಟದಲ್ಲಿ ಬೆಂಕಿಯಿದೆ, ಯಾಕೆಂದರೆ ಹೊಗೆ ಕಾಣುತ್ತಿದೆ, ಹೊಗೆ ಇರುವಲ್ಲೆಲ್ಲ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ಇರುವಂತೆ, ಈ ಬೆಟ್ಟವೂ ಹಾಗೇ ಇದೆ, ಆದ್ದರಿಂದ ಇಲ್ಲಿ ಬೆಂಕಿಯಿದೆ. ಐದು ಮೆಟ್ಟಿಲು. ಇಷ್ಟಕ್ಕೇ ನಿಂತರೆ ಸ್ವಾರಸ್ಯವಿಲ್ಲ. ಸ್ವಾರಸ್ಯ ಇರುವುದು ತಪ್ಪುಗಳಲ್ಲಿ. ಚಳಿಗಾಲದ ಬೆಳಗ್ಗೆ ಕುಪವಾಡದ ಎಂಐಡಿಸಿ ಕಡೆ ನೋಡಿ ಯಾರೋ, “ಅಲ್ನೋಡ್ರಿ, ಬೆಂಕಿ ಬಿದ್ದೈತಿ” ಎಂದರೆ, ಕಂಡದ್ದು ಹೊಗೆಯೇ ಆಗಿರಬೇಕಿಲ್ಲ. ಬಾಯ್ಲರಿನ ಆವಿಯೂ ಇರಬಹುದು, ಬರಿಯ ಮಂಜೂ ಇರಬಹುದು. ಮಂಜನ್ನು ಹೊಗೆಯೆಂದು ಬಗೆಯುವ ಈ ತಪ್ಪನ್ನು ನೈಯಾಯಿಕರು, ಅಂದರೆ ನ್ಯಾಯ ಎಂಬ ಈ ತರ್ಕಪರಂಪರೆಯವರು, ಬಹು ಹಿಂದೆಯೇ ಚರ್ಚಿಸಿದ್ದಾರೆ. ಎರಡನೆಯ ಮೆಟ್ಟಿಲಾದ ಹೇತು, ಅಂದರೆ ಕೊಟ್ಟ ಕಾರಣವೇ ಸಿದ್ಧವಾಗಿಲ್ಲ, ಮುಂದಿನ ಮೂರು ಮೆಟ್ಟಿಲು ಹತ್ತಿ ಫಲವಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮ. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದಾದರೆ, ಬೆಂಕಿಯಿಂದ ಹೊಗೆಯನ್ನು ಊಹಿಸಬಹುದೇ? ಊಹಿಸಬಾರದು ಎನ್ನುತ್ತದೆ ಶಾಸ್ತ್ರ. ಅದಕ್ಕೆ ಕೊಡುವ ಉದಾಹರಣೆ ಕೆಂಪಗೆ ಕಾದ ಕಬ್ಬಿಣದ ಗುಂಡು. ಅದರಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಏಳಬೇಕಾದರೆ ಬೆಂಕಿಯೊಂದೇ ಸಾಲದು, ಹಸಿ ಸೌದೆಯ ಸಂಪರ್ಕವೂ ಬೇಕು. ಕಣ್ಣಿಗೆ ಕಾಣದೆ ಒಳಗೆ ಕೂತಿರುವ ಈ ಷರತ್ತಿಗೆ ಅವರು ಉಪಾಧಿ ಎಂದರು. ಫೌಂಡ್ರಿಯಲ್ಲಿ ಕೆಲಸ ಮಾಡುವ ಅಪ್ಪನ ಮಗನಿಗೆ ಕಾದ ಕಬ್ಬಿಣದ ವಿಷಯ ಯಾರೂ ವಿವರಿಸಬೇಕಾಗಿಲ್ಲ. ಅವನಿಗೆ ಹೊಸದು, ಆ ಕೆಂಪು ಗುಂಡಿನೊಳಗೆ ಒಂದು ತರ್ಕದ ಪಾಠ ಇದೆ ಎನ್ನುವುದು.

ಉಪಾಧಿಯನ್ನು ಹುಡುಕಲು ಕಲಿತವನು ಪೇಟೆಯ ಗೋಡೆಗಳನ್ನು ಬೇರೆ ಕಣ್ಣಿನಿಂದ ಓದುತ್ತಾನೆ. ಕೋಚಿಂಗ್ ಕ್ಲಾಸಿನ ಬೋರ್ಡಿನಲ್ಲಿ ರ‍್ಯಾಂಕ್ ಬಂದವರ ಫೋಟೋಗಳಿವೆ. ರ‍್ಯಾಂಕ್ ಬಂದವರೆಲ್ಲ ಇಲ್ಲಿ ಓದಿದವರೇ ಆಗಿದ್ದರೂ, ಇಲ್ಲಿ ಓದಿದವರಿಗೆಲ್ಲ ರ‍್ಯಾಂಕ್ ಬರುತ್ತದೆ ಎಂದಾಗಲಿಲ್ಲ. ಪ್ರವೇಶ ಪರೀಕ್ಷೆ ಇಟ್ಟು ಮೊದಲೇ ಜಾಣರನ್ನು ಆರಿಸಿಕೊಂಡಿದ್ದರೆ? ಬೋರ್ಡಿನಲ್ಲಿ ಇಲ್ಲದ ಹಸಿ ಸೌದೆ ಅದು.

ನ್ಯಾಯಶಾಸ್ತ್ರದ ಮತ್ತೊಂದು ಪಾಠ ಇಂದಿನ ಮೊಬೈಲಿಗೆ ಹೇಳಿ ಮಾಡಿಸಿದಂತಿದೆ. ಇನ್ನೊಬ್ಬರ ಮಾತಿನಿಂದ ನಮಗೆ ಜ್ಞಾನ ಬರುತ್ತದೆ, ನಿಜ; ಬದುಕಿನ ಮುಕ್ಕಾಲು ಪಾಲು ತಿಳಿವಳಿಕೆ ಹಾಗೆ ಬಂದದ್ದೇ. ಆದರೆ ಯಾರ ಮಾತು? ನ್ಯಾಯಸೂತ್ರಕ್ಕೆ ವಾತ್ಸ್ಯಾಯನ ಬರೆದ ಭಾಷ್ಯದಂತೆ ಆಪ್ತನಾದವನು, ಅಂದರೆ ನಂಬತಕ್ಕ ಮಾತಿನವನು, ವಿಷಯವನ್ನು ತಾನೇ ಕಂಡು ತಿಳಿದಿರಬೇಕು, ತಿಳಿದಂತೆಯೇ ಹೇಳುವ ಇಚ್ಛೆ ಅವನಿಗಿರಬೇಕು. ಋಷಿಗೂ ಇದೇ ಲಕ್ಷಣ, ಮ್ಲೇಚ್ಛನಿಗೂ ಇದೇ ಎಂದು ಅವನು ಸೇರಿಸುತ್ತಾನೆ. ಹುಟ್ಟು, ಜಾತಿ, ಪೀಠ ಯಾವುದೂ ಲೆಕ್ಕಕ್ಕಿಲ್ಲ. ಖಾಕಿ ಉಡುಪು ತೊಟ್ಟು ವಿಡಿಯೊ ಕಾಲ್ ಮಾಡಿ, ನಿಮ್ಮನ್ನು ‘ಡಿಜಿಟಲ್ ಅರೆಸ್ಟ್’ ಮಾಡಿದ್ದೇವೆ ಎನ್ನುವವನ ಮುಂದೆ ಓದಿದವರೇ ಲಕ್ಷಗಟ್ಟಲೆ ಕಳೆದುಕೊಂಡಿದ್ದಾರೆ. ಅಂಥ ಬಂಧನ ಭಾರತದ ಯಾವ ಕಾನೂನಿನಲ್ಲೂ ಇಲ್ಲ. ಇವನಿಗೆ ಇದು ಹೇಗೆ ಗೊತ್ತು, ಹೇಳುವುದರಿಂದ ಇವನಿಗೇನು ಲಾಭ ಎಂಬ ಎರಡು ಪ್ರಶ್ನೆ ಆ ಕ್ಷಣದಲ್ಲಿ ತಾನಾಗಿ ನಾಲಿಗೆಗೆ ಬರಬೇಕಾದರೆ, ಅವನ್ನು ಹರೆಯದಲ್ಲಿ ನೂರು ಸಲ ಕೇಳಿ ರೂಢಿಯಾಗಿರಬೇಕು.

ಮಿರಜ ತಾಲೂಕಿಗೆ ಇದು ದೂರದ ಮಾತಲ್ಲ. 2022ರ ಜೂನಿನಲ್ಲಿ ಮ್ಹೈಸಾಳದಲ್ಲಿ ಒಂದೇ ಕುಟುಂಬದ ಒಂಬತ್ತು ಜನ ಶವವಾಗಿ ಸಿಕ್ಕರು. ಮೊದಲಿಗೆ ಆತ್ಮಹತ್ಯೆ ಎಂದುಕೊಂಡದ್ದು, ಮುಂದೆ ಗುಪ್ತನಿಧಿಯ ಆಸೆ ತೋರಿಸಿದ ಮಾಂತ್ರಿಕನೊಬ್ಬ ವಿಷವಿಕ್ಕಿ ಕೊಂದ ಪ್ರಕರಣ ಎಂದು ಪೊಲೀಸರು ಆರೋಪ ಹೊರಿಸಿದರು. ವಿದ್ಯೆ ಇದ್ದ ಮನೆ ಅದು. ಸತ್ತವರನ್ನು ಹಳಿಯುವ ಹಕ್ಕು ಯಾರಿಗೂ ಇಲ್ಲ. ಮೋಸ ಮಾಡಿದವನದೇ ಪಾಪ. ಆದರೆ ನಮ್ಮ ಶಿಕ್ಷಣ ಮಾಹಿತಿಯನ್ನು ಎಷ್ಟು ಕೊಟ್ಟರೂ, ಯಾವುದನ್ನು ಯಾವ ಆಧಾರದ ಮೇಲೆ ನಂಬಬೇಕು ಎಂಬ ಪಾಠವನ್ನು ಯಾವ ಪೀರಿಯಡ್ಡಿನಲ್ಲೂ ಹೇಳುವುದಿಲ್ಲ ಎಂಬುದು ಆ ವಾರ ಈ ಸೀಮೆಯಲ್ಲಿ ಎಲ್ಲರೂ ಯೋಚಿಸಬೇಕಾಗಿದ್ದ ಸಂಗತಿ.

ಇದನ್ನು ಎಷ್ಟೋ ಮೊದಲೇ ಯೋಚಿಸಿದ್ದ ಒಬ್ಬರು ಸಾಂಗಲಿ–ಮಿರಜದಲ್ಲೇ ಓದಿದ್ದರು. ನರೇಂದ್ರ ದಾಭೋಲ್ಕರ್ ಸಾತಾರದವರು. ಕಾಲೇಜು ಓದಿದ್ದು ಸಾಂಗಲಿಯ ವಿಲಿಂಗ್ಡನ್ನಿನಲ್ಲಿ, ವೈದ್ಯರಾದದ್ದು ಮಿರಜದ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ. ಅವರು ತತ್ತ್ವಶಾಸ್ತ್ರದ ವಿದ್ಯಾರ್ಥಿಯಲ್ಲ. ಆದರೆ 1989ರಲ್ಲಿ ಕಟ್ಟಿದ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಮೂಲಕ ಊರೂರು ತಿರುಗಿ ಅವರು ಕೇಳುತ್ತಿದ್ದುದು ಪ್ರಮಾಣದ ಪ್ರಶ್ನೆಯನ್ನೇ: ಪವಾಡ ನಡೆಯಿತು ಎನ್ನುತ್ತೀರಿ, ಆಧಾರ ಏನು? 2013ರ ಆಗಸ್ಟ್ 20ರಂದು ಪುಣೆಯಲ್ಲಿ ಅವರನ್ನು ಗುಂಡಿಟ್ಟು ಕೊಂದರು. 2015ರಲ್ಲಿ ಕೊಲ್ಹಾಪುರದಲ್ಲಿ ಚಿಂತಕ ಗೋವಿಂದ ಪಾನ್ಸರೆ, ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ ಹೀಗೆಯೇ ಗುಂಡಿಗೆ ಬಲಿಯಾದರು. ರಾನಡೆ ದೇವರನ್ನು ಕಂಡವರ ಮಾತಿಗೆ ಒರೆಗಲ್ಲು ಹುಡುಕಿದರು, ದಾಭೋಲ್ಕರ್ ಪವಾಡ ಮಾಡುವವರ ಮಾತಿಗೆ ಹುಡುಕಿದರು. ಇಬ್ಬರೂ ಎದುರೆದುರು ಕೂತಿದ್ದರೆ ಬಹಳಷ್ಟು ಒಪ್ಪುತ್ತಿರಲಿಲ್ಲ. ಆ ಒಪ್ಪದ ಮಾತುಕತೆ ಬಂದೂಕಿಲ್ಲದೆ, ಸಿಟ್ಟಿಲ್ಲದೆ, ಗಂಟೆ ಹೊಡೆಯುವವರೆಗೂ ನಡೆಯಬಹುದಾದ ಜಾಗ ಯಾವುದು? ಕಾಲೇಜಿನ ತರಗತಿಯೇ ತಾನೆ.

ಇನ್ನು ಹೊಟ್ಟೆಯ ಪ್ರಶ್ನೆ. ಜತ್ತ ತಾಲೂಕಿನ ಬರದ ಹೊಲದಿಂದಲೋ ಕುಪವಾಡದ ಬಾಡಿಗೆ ಖೋಲಿಯಿಂದಲೋ ಬರುವ ಹುಡುಗನಿಗೆ ಮನೆಯಲ್ಲಿ ಕೇಳುವುದು ಇಷ್ಟೇ: “ತಮ್ಮಾ, ತತ್ತ್ವಜ್ಞಾನ ಓದಿ ಮುಂದ ಏನ್ ಮಾಡಾಂವ? ಹೊಟ್ಟಿ ತುಂಬತೈತೇನು?” ಈ ಮಾತನ್ನು ತಳ್ಳಿಹಾಕಲಾಗದು, ಸಾಲ ಮಾಡಿ ಫೀ ಕಟ್ಟಿದವರು ಕೇಳಲೇಬೇಕಾದ ಪ್ರಶ್ನೆ ಅದು. ನೇರ ಉತ್ತರವನ್ನೂ ಕೊಡಬೇಕು. ಬಿ.ಎ. ತತ್ತ್ವಶಾಸ್ತ್ರ ಎಂಬ ಹಾಳೆ ತೋರಿಸಿದರೆ ಕರೆದು ಕೆಲಸ ಕೊಡುವ ಕಾರ್ಖಾನೆ ಎಲ್ಲೂ ಇಲ್ಲ. ಪ್ರೌಢಶಾಲೆಯಲ್ಲಿ ಈ ವಿಷಯವೇ ಇಲ್ಲದ್ದರಿಂದ ಬಿ.ಎಡ್. ಮಾಡಿ ಮಾಸ್ತರಾಗುವ ದಾರಿ ಇಕ್ಕಟ್ಟು. ಮಹಾರಾಷ್ಟ್ರದ 11, 12ನೇ ತರಗತಿಯ ಕಲಾ ವಿಭಾಗದಲ್ಲಿ ತರ್ಕಶಾಸ್ತ್ರವೂ ತತ್ತ್ವಜ್ಞಾನವೂ ಐಚ್ಛಿಕ ವಿಷಯಗಳು. ಕರ್ನಾಟಕದ ಪಿಯುಸಿಯಲ್ಲೂ ತರ್ಕಶಾಸ್ತ್ರ ಇದೆ. ಆದರೆ ವಿದ್ಯಾರ್ಥಿಗಳು ಆರಿಸಿಕೊಂಡರೆ ತಾನೆ ಹುದ್ದೆ ಉಳಿಯುವುದು.

ತೆರೆದಿರುವ ದಾರಿಗಳೂ ಇವೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ತತ್ತ್ವಶಾಸ್ತ್ರ 500 ಅಂಕಗಳ ಐಚ್ಛಿಕ ವಿಷಯ. 2013ರಿಂದ ನೀತಿಶಾಸ್ತ್ರದ್ದೇ 250 ಅಂಕಗಳ ಪತ್ರಿಕೆ ಎಲ್ಲರಿಗೂ ಕಡ್ಡಾಯ. ಪ್ರಬಂಧಕ್ಕೆ ಇನ್ನೊಂದು 250. ಕಾನೂನು ಓದುವವರಿಗೆ, ಪತ್ರಿಕೋದ್ಯಮಕ್ಕೆ ಹೋಗುವವರಿಗೆ ವಾದವನ್ನು ಬಿಡಿಸಿ ನೋಡುವ ಅಭ್ಯಾಸವೇ ಬಂಡವಾಳ. ದುಃಖದ ಸಂಗತಿ ಎಂದರೆ, ನೀತಿಶಾಸ್ತ್ರದ ಪತ್ರಿಕೆ ಬಂದ ಮೇಲೆ ಕಾಲೇಜಿನ ವಿಭಾಗಗಳಿಗೆ ಬರಬೇಕಾದ ವಿದ್ಯಾರ್ಥಿಗಳು ಗೈಡುಗಳತ್ತ ಹೋದರು. ಕಾಂಟ್ ಏನೆಂದ, ಗಾಂಧಿ ಏನೆಂದರು ಎಂದು ನಾಲ್ಕು ಸಾಲು ಬಾಯಿಪಾಠ ಮಾಡಿ ಹಾಳೆ ತುಂಬಿಸುವುದು ತತ್ತ್ವಶಾಸ್ತ್ರ ಓದಿದಂತಾಗುವುದಿಲ್ಲ. ಅಡುಗೆಯ ಪುಸ್ತಕ ಓದಿ ಊಟವಾಯಿತು ಎಂದಂತೆ.

ಓದಿದವರ ಬುದ್ಧಿ ಹರಿತವಾಗುತ್ತದೆ ಎಂಬುದಕ್ಕೆ ಏನಾದರೂ ಲೆಕ್ಕ ಇದೆಯೇ? ಅಮೆರಿಕದಲ್ಲಿ ಉನ್ನತ ವ್ಯಾಸಂಗಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಯ ಭಾಷೆ ಮತ್ತು ವಿಶ್ಲೇಷಣಾ ಬರವಣಿಗೆಯ ಭಾಗಗಳಲ್ಲಿ ತತ್ತ್ವಶಾಸ್ತ್ರದವರು ಬಹುಕಾಲದಿಂದ ಮುಂದಿದ್ದಾರೆ. ಉಪಾಧಿಯ ಪಾಠ ಕಲಿತವರು ಇಲ್ಲೂ ಕೈಯೆತ್ತಬೇಕು: ಮೊದಲೇ ಜಾಣರಾದವರು ಈ ವಿಷಯ ತೆಗೆದುಕೊಂಡಿರಬಹುದಲ್ಲ? ಅದೇ ಅನುಮಾನವನ್ನು ಹಿಡಿದು ಮೈಕೆಲ್ ಪ್ರಿನ್ಸಿಂಗ್ ಮತ್ತು ಮೈಕೆಲ್ ವಾಸ್ಕೆಜ್ ಎಂಬಿಬ್ಬರು ಅಮೆರಿಕದ 6 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳ ಅಂಕಗಳನ್ನು ತೆಗೆದು ನೋಡಿದರು. ಕಾಲೇಜಿಗೆ ಸೇರುವಾಗಲೇ ಇದ್ದ ವ್ಯತ್ಯಾಸವನ್ನು ಲೆಕ್ಕದಿಂದ ಕಳೆದ ಮೇಲೂ ತತ್ತ್ವಶಾಸ್ತ್ರದವರು ತರ್ಕದಲ್ಲಿ, ಭಾಷೆಯಲ್ಲಿ, ಕುತೂಹಲದಲ್ಲಿ ಮುಂದಿದ್ದರು ಎಂದು 2025ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳುತ್ತದೆ. ಹೌದು, ಅಮೆರಿಕದ ತರಗತಿ ಬೇರೆ, ಕುಪವಾಡದ ಹುಡುಗ ಕೂರುವ ತರಗತಿ ಬೇರೆ. ಆದರೂ ಓದಿನಿಂದಲೇ ಏನೋ ಆಗುತ್ತದೆ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಆಧಾರ ಸಿಗುವುದು ಕಷ್ಟ.

ಆಸೆಪಟ್ಟು ಬಂದವರೇ ಮಿಂಚುತ್ತಾರೆ ಎಂದೂ ಇಲ್ಲ. ಸರ್ವಪಲ್ಲಿ ರಾಧಾಕೃಷ್ಣನ್ ತತ್ತ್ವಶಾಸ್ತ್ರ ತೆಗೆದುಕೊಂಡಿದ್ದು ಬಡತನದಿಂದ. ಆಗತಾನೆ ಪದವಿ ಮುಗಿಸಿದ ನೆಂಟರೊಬ್ಬರ ಹಳೆಯ ಪುಸ್ತಕಗಳು ಪುಕ್ಕಟೆಯಾಗಿ ಸಿಕ್ಕವು. 1918ರಲ್ಲಿ ಅವರು ಮೈಸೂರಿನ ಮಹಾರಾಜಾ ಕಾಲೇಜಿಗೆ ಬಂದರು. 1921ರಲ್ಲಿ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಸಾರೋಟನ್ನು ತಾವೇ ಎಳೆದುಕೊಂಡು ರೈಲು ನಿಲ್ದಾಣದವರೆಗೆ ಹೋದರು. ಅದೇ ಮೈಸೂರಿನಲ್ಲಿ ಎಂ. ಹಿರಿಯಣ್ಣನವರು ಗ್ರಂಥಪಾಲಕರಾಗಿ ಶುರುಮಾಡಿ ಮೇಷ್ಟರಾದರು. ವಿದ್ಯಾರ್ಥಿಗಳಿಗೆ ವರ್ಷವರ್ಷವೂ ಹೇಳಿದ ಪಾಠಗಳನ್ನು ತಿದ್ದಿ ತೀಡಿ 1932ರಲ್ಲಿ ಅವರು ಹೊರತಂದ ಭಾರತೀಯ ತತ್ತ್ವಶಾಸ್ತ್ರದ ಇಂಗ್ಲಿಷ್ ಪಠ್ಯ ಇಂದಿಗೂ ದೇಶವಿದೇಶಗಳಲ್ಲಿ ಓದಿನಲ್ಲಿದೆ. ಒಂದು ಕಾಲೇಜಿನ ತರಗತಿ ಇಲ್ಲದಿದ್ದರೆ ಆ ಪುಸ್ತಕ ಹುಟ್ಟುತ್ತಲೇ ಇರಲಿಲ್ಲ.

ಫ್ರಾನ್ಸಿನಲ್ಲಿ ಪ್ರತಿ ಜೂನಿನಲ್ಲಿ ಶಾಲೆ ಮುಗಿಸುವ ಲಕ್ಷಾಂತರ ಮಕ್ಕಳು ನಾಲ್ಕು ಗಂಟೆಯ ತತ್ತ್ವಶಾಸ್ತ್ರ ಪರೀಕ್ಷೆ ಬರೆಯುತ್ತಾರೆ, ವಿಜ್ಞಾನದವರಿಗೂ ವಿನಾಯಿತಿಯಿಲ್ಲ. ಅಷ್ಟು ದೂರ ನಾವು ಹೋಗಬೇಕಿಲ್ಲ. ಹೊಸ ಶಿಕ್ಷಣ ನೀತಿಯ ಪ್ರಕಾರ ಮಹಾರಾಷ್ಟ್ರದ ಪದವಿ ಕಾಲೇಜುಗಳಲ್ಲಿ ವಿದ್ಯಾರ್ಥಿ ತನ್ನ ಮುಖ್ಯ ವಿಷಯದ ಜೊತೆ ಬೇರೆ ವಿಭಾಗದ ವಿಷಯವನ್ನೂ ಆರಿಸಿಕೊಳ್ಳಬೇಕು. ಕರ್ನಾಟಕ ನಾಲ್ಕು ವರ್ಷದ ಪದವಿಯನ್ನು 2024ರಲ್ಲಿ ಕೈಬಿಟ್ಟು ಮೂರಕ್ಕೆ ಮರಳಿದೆ. ಆದರೆ ಗಡಿಯ ಈಚೆ, ಮಹಾರಾಷ್ಟ್ರದ ಬದಿಯಲ್ಲಿ ಬಾಗಿಲು ತೆರೆದೇ ಇದೆ. ಕಾಮರ್ಸ್ ಓದುವ ಕುಪವಾಡದ ಹುಡುಗಿ, ಕೆಮಿಸ್ಟ್ರಿ ಓದುವ ಮಿರಜದ ಹುಡುಗ ಒಂದು ಸೆಮಿಸ್ಟರ್ ತರ್ಕ ಕಲಿಯಲು ಈಗ ಬೇಕಾದದ್ದು ಕಲಿಸುವ ಮೇಷ್ಟರು ಮಾತ್ರ.

ಜತ್ತ ಕಡೆಯ ಕನ್ನಡ ಶಾಲೆಗಳಿಂದ ಬರುವ ಮಕ್ಕಳಿಗೆ ಇನ್ನೊಂದು ಅಡಚಣೆ ಭಾಷೆಯದು. ಹತ್ತನೆಯವರೆಗೆ ಕನ್ನಡ, ಕಾಲೇಜಿನಲ್ಲಿ ಮರಾಠಿ, ಪಠ್ಯ ಇಂಗ್ಲಿಷಿನದು. ಮೂರರ ನಡುವೆ ಸಿಕ್ಕ ಮಗು, ನನಗೆ ತಿಳಿಯುವುದಿಲ್ಲ ಎಂದುಕೊಂಡು ಸುಮ್ಮನಾಗುತ್ತದೆ. ತಿಳಿಯದಿರುವುದು ಭಾಷೆ, ತತ್ತ್ವವಲ್ಲ. ಇದಕ್ಕೆ ಮದ್ದು ಈ ಮಣ್ಣಿನಲ್ಲೇ ಇದೆ. ನಿಂಬರಗಿ ಮಹಾರಾಜರ ಉಪದೇಶಗಳ ಸಂಗ್ರಹ ‘ಬೋಧಸುಧೆ’ ಕನ್ನಡದ್ದು. ತುಕಾರಾಮರ ಅಭಂಗ ಮರಾಠಿಯದು. ಎರಡನ್ನೂ ಓದಿ ಬೆಳೆದ ರಾನಡೆ ಬರೆದದ್ದು ಇಂಗ್ಲಿಷಿನಲ್ಲಿ. ಸಾಂಗಲಿ–ಮಿರಜದ ಯಾವುದೇ ಕಾಲೇಜು ಈ ಮೂರನ್ನೂ ಒಂದೇ ಪತ್ರಿಕೆಯಲ್ಲಿ ಇಟ್ಟು, ಜೊತೆಗೆ ತರ್ಕಸಂಗ್ರಹದ ಹತ್ತು ಪುಟ ಮತ್ತು ದಾಭೋಲ್ಕರರ ಒಂದು ಲೇಖನ ಸೇರಿಸಿದರೆ, ಅಂಥ ಸಿಲೆಬಸ್ ಮುಂಬೈಯಲ್ಲೂ ಬೆಂಗಳೂರಿನಲ್ಲೂ ಸಿಗಲಾರದು. ಮೊದಲ ವಾರದ ಮನೆಗೆಲಸಕ್ಕೆ ರಾನಡೆಯವರ ಒರೆಗಲ್ಲನ್ನೇ ಕೊಡಬಹುದು: ಈ ಪರೀಕ್ಷೆಗಳಲ್ಲಿ ಯಾವುದು ಸಾಲದು, ಯಾಕೆ? ಉತ್ತರ ಕನ್ನಡದಲ್ಲಿ ಬರೆದರೂ ನಡೆಯುತ್ತದೆ, ಮರಾಠಿಯಲ್ಲಿ ಬರೆದರೂ ನಡೆಯುತ್ತದೆ.